ಕೋವಿ ಕಲಿತ ಅಳಿಯ

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯನೊಬ್ಬನು ಕೋವಿಯ ವಿಷಯವಾಗಿ ಲೇಖನಿ ಹಿಡಿಯುವುದು ವಾಚಕರಲ್ಲಿ ಕೆಲವರಿಗೆ ವಿಪರೀತವಾಗಿ ತೋರಬಹುದು. ಮಕ್ಕಳ ಕೈಗೆ ಬಳಪ ಕೊಡಬೇಕಾದವನು ಬಂದೂಕಿನ ಮಾತನ್ನಾಡುವುದೇ ಎಂದು ಮೂಗಿನ ಮೇಲೆ ಬೆರಳಿಡುವವರೂ ಇದ್ದಾರು. ಆದರೆ ತಾಳವಾಡಿಯ ಬೆಟ್ಟದ ಸೀಮೆಯಲ್ಲಿ ಬಾಳುವ ನಮಗೆ ಈ ವಸ್ತು ಅಪರಿಚಿತವಲ್ಲ. ತಾತಂದಿರ ಕಾಲದಲ್ಲಿ ಅದನ್ನು ಮನೆಯ ತೊಲೆಯ ಮೇಲೆ ಕಂಡೆವು. ತಾರುಣ್ಯದಲ್ಲಿ ಪೊಲೀಸರ ಹೆಗಲ ಮೇಲೆಯೂ ಕಾಡುಗಳ್ಳರ ಹೆಗಲ ಮೇಲೆಯೂ ಅದರ ವಾರ್ತೆಯನ್ನು ಕೇಳಿದೆವು. ಈಗ ತಲೆ ನರೆತಿರುವಾಗ ಮನೆಯ ಮಕ್ಕಳೇ ಬಂದು, 'ಒಂದು ಪರವಾನಗಿ ಮಾಡಿಸಿಕೊಳ್ಳೋಣವೇ?' ಎಂದು ಕೇಳುತ್ತಿದ್ದಾರೆ. ಅರ್ಜಿ ಬರೆದುಕೊಡುವುದು, ಸರ್ಕಾರದ ಕಾಗದ ಓದಿ ಹೇಳುವುದು ಹಳ್ಳಿಯ ಮೇಷ್ಟರಿಗೆ ಎಂದಿನಿಂದಲೂ ಅಂಟಿಕೊಂಡ ಉಪವೃತ್ತಿಯಾದ್ದರಿಂದ, ಆ ಪ್ರಶ್ನೆಗೆ ಉತ್ತರ ಹೇಳುವ ಭಾರವೂ ನನ್ನ ಮೇಲೆ ಬಿದ್ದಿದೆ.

ಈ ಬರಹಕ್ಕೆ ನೇರವಾದ ಪ್ರೇರಣೆ ನನ್ನ ಸೋದರಳಿಯ. ನನ್ನ ಅಕ್ಕನನ್ನು ಗಡಿಯಾಚೆ ಚಾಮರಾಜನಗರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದೆ. ಗಡಿಯೆಂಬುದು ನಮಗೆ ನಕಾಶೆಯಲ್ಲಿಯೂ ಬಸ್ಸಿನ ಬಣ್ಣದಲ್ಲಿಯೂ ಕಾಣುವುದೇ ಹೊರತು, ಹೆಣ್ಣು ಕೊಟ್ಟು ತರುವ ವಿಷಯದಲ್ಲಿ ಎಂದೂ ಅಡ್ಡ ಬಂದುದಿಲ್ಲ. ಅಕ್ಕನ ಮಗನಿಗೆ ಕಾಡಿನ ಅಂಚಿನಲ್ಲಿ ನಾಲ್ಕು ಎಕರೆ ಜಮೀನು. ಮುಸುಕಿನ ಜೋಳ, ಬಾಳೆ, ಒಂದಿಷ್ಟು ಅರಿಸಿನ. ಎರಡು ವರ್ಷಗಳಿಂದ ಹಂದಿಗಳ ಕಾಟ, ನಡುನಡುವೆ ಆನೆ. ಒಂದು ರಾತ್ರಿ ಅರ್ಧ ಎಕರೆ ಬಾಳೆ ನೆಲಸಮವಾದುದನ್ನು ಕಂಡ ಮೇಲೆ ಅವನು ಯಾರಿಗೂ ಹೇಳದೆ, ಪೊಲೀಸ್ ಇಲಾಖೆಯವರು ಸಾರ್ವಜನಿಕರಿಗಾಗಿ ಏರ್ಪಡಿಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಟ್ಟು ಬಂದ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಇಂತಹ ಶಿಬಿರಗಳು ನಡೆಯುತ್ತಿರುವುದನ್ನು ವೃತ್ತಪತ್ರಿಕೆಗಳಲ್ಲಿ ಓದಿರುವಿರಿ. ಸುದ್ದಿ ತಿಳಿದ ಅಕ್ಕ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಅದ ಮನಲಿ ಮಡಿಕಂಡು ನಾನು ಕಣ್ಮುಚ್ಚದು ಹೆಂಗ ಕನಪ್ಪ? ನೀ ಬಂದು ಒಂದು ಮಾತ ಹೇಳು."

ನಾನು ಹೋದೆ. ಆದರೆ ಬುದ್ಧಿ ಹೇಳುವುದಕ್ಕೆ ಮೊದಲು ವಿಷಯವನ್ನು ತಿಳಿದುಕೊಳ್ಳಬೇಕಲ್ಲವೇ? ಅದರ ವೃತ್ತಾಂತವೇ ಮುಂದಿನದು.

ಮೊದಲು ತಾತನ ಕೋವಿಯ ವಿಚಾರವನ್ನು ಹೇಳಿಬಿಡುತ್ತೇನೆ. ಅದು ಕೇಪಿನ ಕೋವಿ. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದದ್ದು. ನಳಿಗೆಯ ಬಾಯಿಂದಲೇ ಮದ್ದು ತುಂಬುವ ಬಗೆಯದು. ಈಗಿನ ಹುಡುಗರು ಅದನ್ನು ಕಂಡಿರಲಾರರು. ಮೊದಲು ಅಳತೆಯ ಮದ್ದನ್ನು ನಳಿಗೆಯೊಳಕ್ಕೆ ಸುರಿದು, ಅದರ ಮೇಲೆ ತೆಂಗಿನ ನಾರಿನ ಉಂಡೆಯನ್ನಿಟ್ಟು ಗಜದಿಂದ ಜಡಿಯಬೇಕು. ಬಳಿಕ ಚರೆ, ಚರೆ ಹೊರಕ್ಕೆ ಉದುರದಂತೆ ಮತ್ತೆ ನಾರು. ಕೊನೆಗೆ ಕುದುರೆಯನ್ನೆತ್ತಿ, ಅದರಡಿಯಲ್ಲಿರುವ ಸಣ್ಣ ತೂತಿನ ತುದಿಗೆ ತಾಮ್ರದ ಪುಟ್ಟ ಟೋಪಿಯಂತಿರುವ ಕೇಪನ್ನು ತೊಡಿಸಬೇಕು. ಕುದುರೆ ಬಡಿದಾಗ ಕೇಪಿನ ಕಿಡಿ ಒಳಗಿಳಿದು ಮದ್ದು ಹೊತ್ತಿಕೊಳ್ಳುತ್ತದೆ. ಒಂದು ಈಡಿಗೂ ಇನ್ನೊಂದು ಈಡಿಗೂ ನಡುವೆ ಎಲೆ ಅಡಿಕೆ ಹಾಕಿಕೊಂಡು ಎರಡು ಮಾತನಾಡುವಷ್ಟು ಹೊತ್ತು ಬೇಕು. ಮಳೆಯ ತೇವ ತಗುಲಿದರೆ ಅದೂ ಇಲ್ಲ. ಬರಿಯ 'ಟಿಕ್' ಎಂಬ ಶಬ್ದ.

ತಾತ ಅಕ್ಷರ ಕಲಿತವರಲ್ಲ. ಆದರೆ ಕೋವಿಯ ವಿಷಯದಲ್ಲಿ ಅವರು ವಿಧಿಸಿಕೊಂಡಿದ್ದ ಕಟ್ಟುಪಾಡು ಯಾವ ಶಾಲೆಯ ಶಿಸ್ತಿಗೂ ಕಡಿಮೆಯದಲ್ಲ. ಕೋವಿ ತೊಲೆಯ ಮೇಲೆ, ಮದ್ದು ಅಟ್ಟದ ಮೂಲೆಯ ಸೋರೆಬುರುಡೆಯಲ್ಲಿ, ಕೇಪುಗಳು ಅವರ ಸೊಂಟದ ಚೀಲದಲ್ಲಿ. 'ಮೂವರು ಜಗಳಗಂಟರನ್ನು ಒಂದೇ ಚಾಪೆಯ ಮೇಲೆ ಮಲಗಿಸಬಾರದು' ಎನ್ನುತ್ತಿದ್ದರು. ಬರಿದಾದ ಕೋವಿಯ ಬಾಯಿಯ ಎದುರಿಗೂ ನಾವು ಮಕ್ಕಳು ಹಾದುಹೋಗುವಂತಿರಲಿಲ್ಲ. ಹಾದರೆ ಬೈಗುಳವಲ್ಲ, ಬೆನ್ನಿನ ಮೇಲೆ ಏಟೇ. ಹೊಲದಿಂದ ಬರುವಾಗ ಊರ ಬಾವಿಯ ಹತ್ತಿರವೇ ಕೇಪನ್ನು ಕಳಚಿ ಚೀಲಕ್ಕೆ ಹಾಕಿಕೊಂಡು, ಅನಂತರವೇ ಬೀದಿಗೆ ಕಾಲಿಡುತ್ತಿದ್ದರು. ಇನ್ನೊಂದು ಸಂಗತಿಯಿದೆ. ಅವರು ಹಾರಿಸುತ್ತಿದ್ದ ಹತ್ತು ಈಡುಗಳಲ್ಲಿ ಎಂಟರಲ್ಲಿ ಚರೆಯೇ ಇರುತ್ತಿರಲಿಲ್ಲ. ಮದ್ದು ಮತ್ತು ನಾರು ಮಾತ್ರ. ಸದ್ದಿಗೆ ಹಂದಿ ಓಡಿದರೆ ಸಾಕು, ಸೀಸಕ್ಕೆ ಕಾಸೇಕೆ ಎಂಬುದು ಅವರ ಲೆಕ್ಕ. ಹಂದಿಗಳೂ ದಡ್ಡವಲ್ಲ, ನಾಲ್ಕು ದಿನ ಓಡಿ, ಐದನೆಯ ದಿನ ತಲೆಯೆತ್ತಿ ನೋಡಿ, ಮತ್ತೆ ಮೇಯುತ್ತಿದ್ದವು. ಆಗ ತಮಟೆ, ತಮಟೆಯಾದ ಮೇಲೆ ಬೆಂಕಿ, ಬೆಂಕಿಯಾದ ಮೇಲೆ ಮತ್ತೆ ಕೋವಿ. ಅಟ್ಟಣೆಯ ಮೇಲೆ ಕುಳಿತವನಿಗೆ ನಿದ್ದೆ ಬಾರದಿರುವುದೇ ಮುಖ್ಯವಾದ ಆಯುಧವಾಗಿತ್ತು.

ಇನ್ನು ಕಾಯಿದೆಯ ಮಾತು. ಇದನ್ನು ಬೇಗನೆ ಮುಗಿಸುತ್ತೇನೆ. ಆದರೆ ನಮ್ಮ ಯುವಕರಲ್ಲಿ ಅನೇಕರು ಇದನ್ನು ತಿಳಿಯದೆ ಮಾತನಾಡುವುದರಿಂದ ಬಿಡುವಂತೆಯೂ ಇಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವುದು ಅಪರಾಧ. ಬೆಳೆ ಕಾಯಲು ನಳಿಗೆಯ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವುದಕ್ಕೆ ಅದರಲ್ಲಿ ಎಡೆಯುಂಟು. ಇಪ್ಪತ್ತೊಂದು ವರ್ಷ ತುಂಬಿರಬೇಕು. 2016ರಲ್ಲಿ ಬಂದ ಹೊಸ ನಿಯಮಗಳು, ಕೋವಿಯನ್ನು ಸುರಕ್ಷಿತವಾಗಿ ಹಿಡಿಯುವ, ಸಾಗಿಸುವ, ಇಡುವ ಕ್ರಮದಲ್ಲಿ ತರಬೇತಿ ಪಡೆಯುವುದನ್ನು ವಿಧಿಸಿದವು; ಮನೆಯಲ್ಲಿ ಭದ್ರವಾಗಿಡುವೆನೆಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕು. 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಚುನಾವಣೆ ಬಂದಿತೆಂದರೆ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಾಗುತ್ತದೆ. ಹಂದಿಗಳಿಗೆ ಚುನಾವಣೆಯಿಲ್ಲವಷ್ಟೆ!

ಕೋವಿ ಕೈಗೆ ಬಂದ ಮಾತ್ರಕ್ಕೆ ಪ್ರಾಣಿಯ ಮೇಲೆ ಹಾರಿಸುವ ಅಧಿಕಾರವೂ ಬಂದಿತೆಂದು ಭಾವಿಸಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಅಧಿಕಾರವನ್ನು ಕಟ್ಟಿಹಾಕಿದೆ. 1977ರಲ್ಲಿ ಆನೆಯನ್ನು ಅದರ ಮೊದಲನೆಯ ಅನುಸೂಚಿಗೆ ಸೇರಿಸಿದರು. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದುದ್ದೇಶದಿಂದ ಕಾಡುಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ನಾವೇ ಆ ಕಾಯಿದೆಯನ್ನು ಮುರಿಯುತ್ತಿದ್ದರೆ ಆ ರಕ್ಷಣೆ ನಮಗಿಲ್ಲ, ಸತ್ತ ಪ್ರಾಣಿಯೂ ಸರ್ಕಾರದ ಸ್ವತ್ತೇ. ಬಾಳೆಗೊನೆಯ ರಕ್ಷಣೆ ಪ್ರಾಣರಕ್ಷಣೆಯಲ್ಲ. ಬೆಳೆಗೆ ನಷ್ಟ ಮಾಡುವ ಪ್ರಾಣಿಯ ಮೇಲೆ ಕ್ರಮ ಕೈಗೊಳ್ಳಲು ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. 2013ರಿಂದ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶ. ಅತ್ತ ಬಿಳಿಗಿರಿರಂಗನ ಬೆಟ್ಟವೂ ಹಾಗೆಯೇ. ಎರಡು ಹುಲಿಕಾಡುಗಳ ನಡುವೆ ಹೊಲ ಮಾಡಿಕೊಂಡವರು ನಾವು. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಕಾಡುಹಂದಿಯ ವಿಷಯದಲ್ಲಿ ಒಂದು ಕ್ರಮವನ್ನು ಪ್ರಕಟಿಸಿತು. ಕಾಡಿನಂಚಿನಿಂದ ಒಂದು ಕಿಲೋಮೀಟರಿನೊಳಗೆ ಗುಂಡು ಹಾರಿಸುವಂತಿಲ್ಲ. ಒಂದರಿಂದ ಮೂರರವರೆಗೆ ಹಿಡಿದು ಕಾಡಿಗೆ ಬಿಡಬಹುದು. ಮೂರು ಕಿಲೋಮೀಟರು ದಾಟಿದ ಮೇಲೆ ಅರಣ್ಯ ಇಲಾಖೆಯವರೇ ಗುಂಡಿಕ್ಕಬಹುದು. ನಮ್ಮ ಊರುಗಳಲ್ಲಿ ಕಾಡಿನಂಚಿನಿಂದ ಮೂರು ಕಿಲೋಮೀಟರು ಅಳೆಯಹೊರಟರೆ ಎಷ್ಟೋ ಕಡೆ ಆಚೆ ಬದಿಯ ಕಾಡೇ ಸಿಕ್ಕೀತು!

ಕೋವಿಯ ವಿಷಯವಾಗಿ ನಮ್ಮ ಸೀಮೆಯ ಹಿರಿಯರಿಗೆ ಇರುವ ಅಳುಕಿಗೆ ಈ ಕಾಯಿದೆಗಳು ಕಾರಣವಲ್ಲ. ಅದರ ಕಾರಣ ಬೇರೆ. ಓದುಗರು ಅದನ್ನು ಊಹಿಸಿರುವಿರಿ.

ನಾನು ಅಧ್ಯಾಪಕ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಕಾಲಕ್ಕೆ ವೀರಪ್ಪನ್ ಎಂಬ ಹೆಸರು ಈ ಬೆಟ್ಟಗಳಲ್ಲಿ ಮೆಲುದನಿಯಲ್ಲಿ ಉಚ್ಚರಿಸುವ ಹೆಸರಾಗಿತ್ತು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸರ ಹತ್ಯೆಯಾಯಿತು. 1992ರ ಮೇ ತಿಂಗಳಲ್ಲಿ ಅವನ ತಂಡ ಕೊಳ್ಳೇಗಾಲ ತಾಲ್ಲೂಕಿನ ರಾಮಾಪುರದ ಪೊಲೀಸ್ ಠಾಣೆಯ ಮೇಲೆಯೇ ಬಿದ್ದು, ಪೊಲೀಸರನ್ನು ಕೊಂದು, ಅಲ್ಲಿದ್ದ ಆಯುಧಗಳನ್ನು ಹೊತ್ತುಕೊಂಡು ಹೋಯಿತು. ಆ ಸುದ್ದಿ ಬಂದ ರಾತ್ರಿ ನಮ್ಮ ತಂದೆ ಊಟಕ್ಕೆ ಕುಳಿತವರು ತೊಲೆಯ ಕಡೆಗೆ ನೋಡುತ್ತಲೇ ಇದ್ದರು. ತರಬೇತಿ ಪಡೆದವರ ಠಾಣೆಯಿಂದಲೇ ಕೋವಿಗಳು ಹೋಗುವುದಾದರೆ, ಹೆಂಚಿನ ಮನೆಯ ತೊಲೆಯ ಮೇಲಿನ ಕೇಪಿನ ಕೋವಿ ಯಾರನ್ನು ಕಾದೀತು? ಕಾಡಿನವರು ಬಂದು ಕೇಳಿದರೆ ಇಲ್ಲವೆನ್ನುವಂತಿಲ್ಲ. ಕೊಟ್ಟರೆ ಪೊಲೀಸರಿಗೆ ಉತ್ತರ ಹೇಳುವಂತಿಲ್ಲ. ಎಂಟು ದಿನಗಳೊಳಗೆ ತಂದೆ ಅದನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಒಯ್ದು ಠಾಣೆಯೊಂದಕ್ಕೆ ಒಪ್ಪಿಸಿ ಬಂದರು. ಅದು ಮರಳಿ ಬರಲಿಲ್ಲ, ನಾವೂ ಕೇಳಲಿಲ್ಲ. ತೊಲೆಯ ಮೇಲೆ ಅದು ಇದ್ದ ಜಾಗದಲ್ಲಿ ಹೊಗೆ ಹಿಡಿಯದ ಉದ್ದನೆಯ ಬಿಳಿಯ ಗುರುತೊಂದು ಬಹುಕಾಲ ಉಳಿದಿತ್ತು.

2000ದ ಜುಲೈ 30ರ ರಾತ್ರಿ ನಮ್ಮದೇ ಗಾಜನೂರಿನ ತೋಟದ ಮನೆಯಿಂದ ಡಾಕ್ಟರ್ ರಾಜಕುಮಾರ್ ಅವರನ್ನು ಅಪಹರಿಸಿದಾಗ ಜಗತ್ತೆಲ್ಲ ತಾಳವಾಡಿಯ ಹೆಸರನ್ನು ಕೇಳಿತು. ನವೆಂಬರ್ 15ರಂದು ಅವರ ಬಿಡುಗಡೆಯಾಗುವವರೆಗಿನ 108 ದಿನಗಳ ಕಾಲ ಗಡಿಯ ಜನ ಪಟ್ಟ ಸಂಕಟವನ್ನು ಹೊರಗಿನವರು ಅರಿಯರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಆಡುವ ನಾವು, ಬೆಂಗಳೂರಿನಲ್ಲಿ ಗಲಭೆಯಾದರೂ ನಡುಗುತ್ತಿದ್ದೆವು, ಈರೋಡಿನಲ್ಲಿ ಮಾತು ಏರಿದರೂ ನಡುಗುತ್ತಿದ್ದೆವು. ಆ ವರ್ಷ ನಮ್ಮ ಶಾಲೆಯ ಮಕ್ಕಳ ಸ್ಲೇಟುಗಳಲ್ಲಿ ಮನೆ, ಮರ, ಸೂರ್ಯ ಇವುಗಳ ಬದಲಿಗೆ ಮೀಸೆಯ ಮುಖವೂ ಕೋವಿಯೂ ಮೂಡುತ್ತಿದ್ದವು. ಆಟದ ಬಯಲಿನಲ್ಲಿ ಹುಡುಗರು ಎರಡು ಪಂಗಡವಾಗಿ ಕಡ್ಡಿಗಳನ್ನು ಹೆಗಲಿಗೇರಿಸುತ್ತಿದ್ದರು. ಪೊಲೀಸರಾಗಲು ಒಬ್ಬನೂ ಒಪ್ಪುತ್ತಿರಲಿಲ್ಲ. 2002ರಲ್ಲಿ ಮಾಜಿ ಸಚಿವ ನಾಗಪ್ಪನವರು ಅಪಹೃತರಾಗಿ ಹೆಣವಾಗಿ ದೊರೆತರು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ವೀರಪ್ಪನ್ ಗುಂಡಿಗೆ ಬಲಿಯಾದ ಮೇಲೆ ಆ ಅಧ್ಯಾಯ ಮುಗಿಯಿತು. ಕಾಡುಗಳ್ಳನಿಂದ ನೊಂದವರ ಜೊತೆಗೆ, ಅವನನ್ನು ಹುಡುಕಹೋದವರಿಂದ ನೊಂದವರೂ ಇದ್ದರು; ಅವರ ದೂರುಗಳನ್ನು ವಿಚಾರಿಸಲು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ರಚನೆಯಾದುದನ್ನು ಬಲ್ಲಿರಿ. ಹೀಗೆ ಒಂದು ತಲೆಮಾರಿನ ಕಾಲ ನಮ್ಮ ಪಾಲಿಗೆ ಕೋವಿಯೆಂದರೆ, ಅದು ಯಾರ ಕೈಯಲ್ಲಿದ್ದರೂ, ಬಾಗಿಲು ಹಾಕಿಕೊಳ್ಳಬೇಕಾದ ವಸ್ತುವಾಗಿತ್ತು.

ಅಳಿಯನಿಗೆ ಈಗ ಮೂವತ್ತೊಂದು ವರ್ಷ. ಅವನಿಗೆ ಇದೆಲ್ಲ ಕಥೆ.

ಶಿಬಿರದ ಕೊನೆಯ ದಿನ ನಾನೂ ಅವನೊಡನೆ ಹೋದೆ. ನನ್ನ ಮನಸ್ಸಿನಲ್ಲಿದ್ದ ಚಿತ್ರವೇ ಬೇರೆ, ಕಂಡದ್ದೇ ಬೇರೆ. ಮೊದಲಿನ ದಿನಗಳಲ್ಲಿ ಅವರ ಕೈಗೆ ಗುಂಡನ್ನೇ ಕೊಟ್ಟಿರಲಿಲ್ಲವಂತೆ. ಕಾಯಿದೆಯ ಪಾಠ, ಕವಾಯತು, ಬಂದೂಕಿನ ಭಾಗಗಳನ್ನು ಬಿಚ್ಚಿ ಜೋಡಿಸುವುದು, ಬರಿದಾದ ಬಂದೂಕನ್ನೇ ಹಿಡಿದು ನೆಲಕ್ಕೆ ಒರಗಿ ಉಸಿರು ಬಿಗಿಹಿಡಿಯುವುದು. ಬಂದವರಲ್ಲಿ ರೈತರು, ವ್ಯಾಪಾರಸ್ಥರು, ಕಾವಲಿನ ಕೆಲಸ ಹುಡುಕುವವರು, ಮೂವರು ಹೆಂಗಸರು ಸಹ ಇದ್ದರು. ಪ್ರೌಢಶಾಲೆಯ ದಿನಗಳಲ್ಲಿ ಎನ್‌ಸಿಸಿಯ ಪಾಯಿಂಟ್ ಟೂ ಟೂ ರೈಫಲ್ಲಿನಿಂದ ಇಪ್ಪತ್ತೈದು ಗಜದ ಗುರಿಗೆ ಐದು ಗುಂಡು ಹಾರಿಸಿದ್ದ ನನಗೆ ಅಲ್ಲಿಯ ಆಜ್ಞೆಗಳೆಲ್ಲ ಹಳೆಯ ಗೆಳೆಯರಂತೆ ಕೇಳಿಸಿದವು. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಬೇಕು. ಟ್ರಿಗರನ್ನು ಎಳೆಯಬಾರದು, ನಿಂಬೆಯ ಹಣ್ಣನ್ನು ಹಿಂಡುವಂತೆ ಮೆಲ್ಲಗೆ ಒತ್ತುತ್ತ ಹೋಗಬೇಕು. ಗುಂಡು ಯಾವಾಗ ಹಾರಿತೆಂಬುದು ಹಾರಿಸಿದವನಿಗೇ ಅಚ್ಚರಿಯಾಗಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗುಂಡು ಹಾರಿಸಿದ ಮೇಲಿನ ಕೆಲಸ. ಪ್ರತಿಯೊಬ್ಬನಿಗೂ ಎಣಿಸಿ ಕೊಟ್ಟ ಗುಂಡುಗಳಷ್ಟೇ ಸಂಖ್ಯೆಯ ಖಾಲಿ ತೋಟಾಗಳನ್ನು ಎಣಿಸಿ ಹಿಂದಿರುಗಿಸಬೇಕು. ಅಂದು ಒಂದು ತೋಟಾ ಕಡಿಮೆ ಬಿದ್ದಿತು. ಎಲ್ಲರನ್ನೂ ನಿಲ್ಲಿಸಿ, ಸಾಲಾಗಿ ಬಗ್ಗಿಸಿ, ಹುಲ್ಲಿನಲ್ಲಿ ಹುಡುಕಿಸಿದರು. ಜವಳಿ ಅಂಗಡಿಯ ದಪ್ಪ ಮೈಯ ಯಜಮಾನರೊಬ್ಬರು ಮೊಣಕಾಲೂರಿ ಗರಿಕೆಯನ್ನು ಬಿಡಿಸುತ್ತಿದ್ದ ದೃಶ್ಯವನ್ನು ಕಂಡು ನಗು ಬಂದರೂ ತಡೆದುಕೊಂಡೆ. ಮುಕ್ಕಾಲು ಗಂಟೆಯ ಮೇಲೆ ಅದು ಯಾರದೋ ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿತು. ಲೆಕ್ಕ ಸರಿಹೋಗುವವರೆಗೆ ಒಬ್ಬರಿಗೂ ಮನೆಗೆ ಹೋಗಲು ಅಪ್ಪಣೆಯಿರಲಿಲ್ಲ. ಆ ಶಿಬಿರದಲ್ಲಿ ಕಲಿಸಿದ ಪಾಠಗಳಲ್ಲಿ ಇದೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ಅಳಿಯನಿಗೆ ಮಾತ್ರ ಅದು ಸಮಯ ವ್ಯರ್ಥವೆನಿಸಿತ್ತು.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರಜೆಯಲ್ಲಿ ಊರಿಗೆ ಬಂದಾಗ ಈ ಮಾತು ಎತ್ತಿದೆ. ಅಲ್ಲಿ ಕೋವಿ ಕಲಿಸುವುದಕ್ಕೆಂದೇ ಖಾಸಗಿ ಶಾಲೆಗಳಿವೆ. ಶುಲ್ಕ ಕೊಟ್ಟು ಎರಡು ದಿನ, ಐದು ದಿನ ಕಲಿತು ಬರುತ್ತಾರೆ. ಅಂತಹವುಗಳಲ್ಲಿ ಹೆಸರಾದದ್ದು ಜೆಫ್ ಕೂಪರ್ ಎಂಬ ಮಾಜಿ ಸೈನ್ಯಾಧಿಕಾರಿ 1976ರಲ್ಲಿ ಅರಿಜೋನಾ ರಾಜ್ಯದಲ್ಲಿ ಸ್ಥಾಪಿಸಿದ, ಗನ್‌ಸೈಟ್ ಎಂದು ಕರೆಯಲ್ಪಡುವ ಶಾಲೆ. ಆತ ಕಲಿಸಿದ ನಾಲ್ಕು ನಿಯಮಗಳು ಲೋಕದ ಎಲ್ಲ ಕೋವಿ ಶಾಲೆಗಳಿಗೂ ಹರಡಿವೆ. ಪ್ರತಿಯೊಂದು ಕೋವಿಯೂ ತುಂಬಿದೆಯೆಂದೇ ಭಾವಿಸಬೇಕು. ನಾಶಮಾಡಲು ಮನಸ್ಸಿಲ್ಲದ ಯಾವುದರ ಮೇಲೂ ನಳಿಗೆಯ ಬಾಯಿ ಹಾಯಬಾರದು. ಗುರಿ ಕೂಡುವವರೆಗೆ ಬೆರಳು ಟ್ರಿಗರನ್ನು ಮುಟ್ಟಬಾರದು. ಗುರಿ ಏನೆಂಬುದನ್ನೂ ಅದರ ಹಿಂದೆ ಏನಿದೆಯೆಂಬುದನ್ನೂ ಅರಿಯದೆ ಹಾರಿಸಬಾರದು. ಇದನ್ನು ಕೇಳಿದಾಗ ನನಗೆ ಅರಿಜೋನಾ ನೆನಪಾಗಲಿಲ್ಲ. ಊರ ಬಾವಿಯ ಬಳಿ ನಿಂತು ಕೇಪು ಕಳಚುತ್ತಿದ್ದ ತಾತ ನೆನಪಾದರು.

ಕೂಪರ್ ಇನ್ನೊಂದನ್ನೂ ಹೇಳಿದರಂತೆ. ಮನುಷ್ಯನ ಎಚ್ಚರಕ್ಕೆ ನಾಲ್ಕು ಬಣ್ಣಗಳು: ಏನನ್ನೂ ಗಮನಿಸದವನದು ಬಿಳಿ, ನೆಮ್ಮದಿಯಿಂದಿದ್ದರೂ ಸುತ್ತಲನ್ನು ಗಮನಿಸುವವನದು ಹಳದಿ, ಇಂತಹದೇ ಒಂದು ಅಪಾಯ ಕಂಡಾಗ ಕಿತ್ತಳೆ, ಹೋರಾಟಕ್ಕೆ ಸಿದ್ಧನಾದಾಗ ಕೆಂಪು. ಕೋವಿಗಿಂತ ಮನಸ್ಸಿನ ಈ ಸ್ಥಿತಿಯೇ ಮುಖ್ಯವೆಂಬುದು ಅವರ ಬೋಧನೆ. ನಮ್ಮ ಅಟ್ಟಣೆಯ ಕಾವಲುಗಾರರು ಯಾವ ಬಣ್ಣವನ್ನೂ ತಿಳಿಯದೆ ಹಳದಿಯಲ್ಲಿ ಬದುಕುತ್ತಾರೆ. ಆದರೆ ಅಲ್ಲಿಯ ಶಾಲೆಗಳ ಪಾಠದಲ್ಲಿ ಎದುರಾಳಿ ಮನುಷ್ಯ. ರಾತ್ರಿ ಬಾಗಿಲು ಒಡೆದು ಬರುವವನು. ನನಗೆ ಅದು ಒಗ್ಗಲಿಲ್ಲ. ನಮ್ಮ ಕಾಯಿದೆ ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆ. 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದಿದೆ. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕೂ ಇಲ್ಲ. ಕತ್ತಲೆಯಲ್ಲಿ ಕಾಡಿನಂಚಿನಲ್ಲಿ ಅಲುಗುವುದು ಹಂದಿಯೋ, ದನ ಹುಡುಕಿಕೊಂಡು ಬಂದ ಪಕ್ಕದ ಹೊಲದವನೋ ಎಂಬುದನ್ನು ತಿಳಿಯುವುದು ಅಷ್ಟು ಸುಲಭವೇ? ನಾಲ್ಕನೆಯ ನಿಯಮ ನಮ್ಮ ಹೊಲಗಳಲ್ಲಿಯೇ ಹೆಚ್ಚು ಸಲ್ಲುವಂಥದು.

ಕೊಡಗಿನ ವಾಚಕರು ಇಲ್ಲಿ ನನ್ನನ್ನು ಆಕ್ಷೇಪಿಸಬಹುದು. ಅವರಲ್ಲಿ ಕೈಲ್‌ಪೊಳ್ದಿನಂದು ಕೋವಿಗೆ ಹೂವಿಟ್ಟು ಪೂಜೆ. ಪುತ್ತರಿಯಲ್ಲಿ ಕದಿರು ತೆಗೆಯುವಾಗ ಈಡು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ ಮುಂದುವರಿಸಿತು. ಅಲ್ಲಿ ಕೋವಿಗೆ ಮನೆತನದಲ್ಲಿ ಒಂದು ಸ್ಥಾನವಿದೆ, ಅದನ್ನು ಮುಟ್ಟುವುದಕ್ಕೆ ಒಂದು ಸಂಪ್ರದಾಯವಿದೆ. ನಮ್ಮಲ್ಲಿ ಅದು ಇಲ್ಲ. ಇದ್ದಷ್ಟೂ ತಾತನ ತಲೆಮಾರಿನೊಂದಿಗೆ ಹೋಯಿತು. ಅಳಿಯ ಕಲಿಯುವುದಾದರೆ ಶಿಬಿರದಲ್ಲಿಯೇ ಕಲಿಯಬೇಕು.

ತರಬೇತಿ ಪಡೆದ ಕೈಗಳು ಕೆಲಸ ಮಾಡುವುದನ್ನು ನಮ್ಮ ಜನ 2023ರಲ್ಲಿ ಹತ್ತಿರದಿಂದಲೇ ಕಂಡರು. ಬೆಳೆಗಳನ್ನು ಹಾಳುಮಾಡಿ ಪ್ರಾಣಹಾನಿಗೂ ಕಾರಣವಾಗಿದ್ದ 'ಕರುಪ್ಪನ್' ಎಂಬ ಸಲಗವನ್ನು ಹಿಡಿಯಲು ಅರಣ್ಯ ಇಲಾಖೆಯವರು ಕುಂಕಿ ಆನೆಗಳನ್ನು ತರಿಸಿದರು. ಪಶುವೈದ್ಯರು ಅರಿವಳಿಕೆಯ ಚುಚ್ಚುಮದ್ದನ್ನು ಹಾರಿಸುವ ಬಂದೂಕಿನೊಡನೆ ಬಂದರು. ಆ ಬಂದೂಕಿನದು ಕೊಲ್ಲುವ ಗುಂಡಲ್ಲ. ಆದರೂ ಅದನ್ನು ಹಾರಿಸುವುದು ಇನ್ನೂ ಕಷ್ಟ. ಆನೆಯ ತೂಕವನ್ನು ದೂರದಿಂದಲೇ ಅಂದಾಜು ಮಾಡಿ ಮದ್ದಿನ ಅಳತೆ ನಿಶ್ಚಯಿಸಬೇಕು, ಹತ್ತಿರ ಹೋಗಬೇಕು, ತಗುಲಿದ ಮೇಲೂ ಅದು ಕೂಡಲೇ ನಿಲ್ಲುವುದಿಲ್ಲ, ಮಂಪರು ಏರುವವರೆಗೆ ಕಾಡಿನ ಕಡೆಗೆ ನಡೆದುಬಿಡಬಹುದು. ಜನವರಿಯ ಪ್ರಯತ್ನ ಫಲಿಸಲಿಲ್ಲ. ಏಪ್ರಿಲಿನಲ್ಲಿ ಸೆರೆಸಿಕ್ಕಿತು; ಲಾರಿಯಲ್ಲಿ ಬೇರೆ ಕಾಡಿಗೆ ಸಾಗಿಸಿದರು. ವೈದ್ಯರು, ಮಾವುತರು, ಕಾವಲುಗಾರರು, ಕುಂಕಿಗಳು, ಇಷ್ಟು ಪರಿವಾರ ತಿಂಗಳುಗಟ್ಟಲೆ ಒಂದು ಆನೆಯ ಹಿಂದೆ ಬಿದ್ದುದನ್ನು ಅಳಿಯನಿಗೆ ನೆನಪಿಸಿದೆ. ಅವನು, "ಮಾವ, ನಾನೇನು ಆನೆಗೆ ಹೊಡೆಯೋಕೆ ಹೋಗ್ತೀನಾ? ಸದ್ದು ಮಾಡೋಕೆ ಒಂದು ಬೇಕು ಅಷ್ಟೆ" ಎಂದ. ಸದ್ದಿಗೆ ಪಟಾಕಿ ಸಾಲದೇ ಎಂದೆ. ಉತ್ತರ ಹೇಳಲಿಲ್ಲ.

ಈ ನಡುವೆ ನಮ್ಮ ಶಾಲೆಯ ಸಂಗತಿಯನ್ನೂ ಹೇಳಬೇಕು. ಅದೂ ಆತ್ಮರಕ್ಷಣೆಯ ತರಬೇತಿಯೇ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಆರನೆಯ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಮೂರು ತಿಂಗಳ ಕರಾಟೆ ಪಾಠ ನಡೆಯುತ್ತದೆ. ಪಾಠ ಹೇಳುವವರು ಸತ್ಯಮಂಗಲದ ಕಡೆಯ ತಮಿಳು ತರುಣ. ಎಣಿಕೆ ಜಪಾನೀ ಭಾಷೆಯಲ್ಲಿ. ಕಲಿಯುವವರು ಕನ್ನಡದ ಮಕ್ಕಳು. 'ಇಚಿ, ನಿ, ಸಾನ್' ಎಂಬ ಕೂಗಿಗೆ ಊರಿನ ನಾಯಿಗಳು ಮೊದಮೊದಲು ಬೊಗಳುತ್ತಿದ್ದವು, ಈಗ ಸುಮ್ಮನಾಗಿವೆ. ಆ ತರುಣ ಮೊದಲ ವಾರ ಕಲಿಸಿದ್ದು ಎರಡೇ: ಗಟ್ಟಿಯಾಗಿ ಕೂಗುವುದು ಮತ್ತು ಓಡುವುದು. ಹಾಜರಿ ಕೂಗಿದಾಗ ತುಟಿ ಮಾತ್ರ ಅಲುಗಿಸುತ್ತಿದ್ದ ಹುಡುಗಿಯೊಬ್ಬಳಿದ್ದಳು. ಕುರುಚಲು ಕಾಡಿನ ನಡುವೆ ಎರಡು ಮೈಲಿ ನಡೆದು ಬರುವವಳು. ಮೂರನೆಯ ವಾರ ಅವಳ ಕೂಗು ನನ್ನ ಕೊಠಡಿಯವರೆಗೆ ಕೇಳಿಸಿದಾಗ, ಕೈಯಲ್ಲಿದ್ದ ಕಡತವನ್ನು ಕೆಳಗಿಟ್ಟು ಹೊರಗೆ ಬಂದು ನೋಡಿದೆ.

ಮತ್ತೆ ಅಕ್ಕನ ಮನೆಗೆ ಬರುತ್ತೇನೆ. ಹೊಲದ ಲೆಕ್ಕದಲ್ಲಿ ಅಳಿಯನ ವಾದಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿರಲಿಲ್ಲ. ಬಾಳೆ ಬಿದ್ದ ಬೆಳಗ್ಗೆ ಅವನ ಮುಖವನ್ನು ಕಂಡವನು ನಾನು. ಆದರೆ ನಾನು ಕೇಳಿದ್ದು ಹೊಲದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಎಲ್ಲಿ ಇಡುತ್ತೀಯೆ? ಮನೆಯಲ್ಲಿ ಬೀಗವಿರುವ ಬೀರು ಒಂದೇ. ಅದರಲ್ಲಿ ಹೆಂಡತಿಯ ಸೀರೆ, ಮಕ್ಕಳ ಜನನ ಪತ್ರ, ಬೀಗದ ಕೈ ಬಾಗಿಲ ಮೇಲಿನ ಗೂಡಿನಲ್ಲಿ. ಏಳು ವರ್ಷದ ಮಗನಿಗೆ ಆ ಗೂಡು ಎಟಕುತ್ತದೆ. ಬೆಳೆ ಹೋದ ವರ್ಷ, ಸಾಲದವನು ಬಂದು ಬಾಗಿಲಲ್ಲಿ ನಿಂತ ವರ್ಷ, ಮನೆಯ ಗಂಡಸು ಎರಡು ದಿನ ಮಾತು ಬಿಟ್ಟು ಕುಳಿತಾಗ ಕೋವಿ ಕಾಡಿನ ಕಡೆಗೇ ಮುಖ ಮಾಡಿರುತ್ತದೆಂದು ಯಾರು ಹೇಳಬಲ್ಲರು? ಈ ಮಾತನ್ನು ನಾನು ಬಿಡಿಸಿ ಹೇಳಲಿಲ್ಲ. ಅಕ್ಕ ಒಲೆಯ ಮುಂದಿನಿಂದ ಎದ್ದು ಹಿತ್ತಲಿಗೆ ಹೋದಳು. ಕಣ್ಣು ಮುಚ್ಚಲು ಆಗದು ಎಂದು ಅವಳು ಫೋನಿನಲ್ಲಿ ಹೇಳಿದ್ದು ಕಳ್ಳರ ಭಯದಿಂದಲ್ಲವೆಂದು ಅಳಿಯನಿಗೆ ಆಗ ಹೊಳೆಯಿತೆಂದು ತೋರುತ್ತದೆ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, "ಸುಗ್ಗಿ ಕಳೀಲಿ ಮಾವ, ಆಮೇಲೆ ನೋಡುವಾ" ಎಂದ.

ತರಬೇತಿಯ ಪ್ರಮಾಣಪತ್ರ ಈಗ ಅದೇ ಬೀರುವಿನಲ್ಲಿದೆ. ಅರ್ಜಿ ಇನ್ನೂ ಹೋಗಿಲ್ಲ. ಅಕ್ಕಪಕ್ಕದ ಐದು ಹೊಲದವರು ಸೇರಿ ಸರದಿಯ ಕಾವಲು ಮಾಡಿಕೊಂಡಿದ್ದಾರೆ. ಅಳಿಯನೇ ಅದರ ಯಜಮಾನ. ಯಾರು ಯಾವ ಬದುವಿನ ಮೇಲೆ ನಿಲ್ಲಬೇಕು, ಟಾರ್ಚು ಹಿಡಿದವನ ಮುಂದೆ ಯಾರೂ ಹೋಗಬಾರದು, ಸರದಿ ಬದಲಾದಾಗ ತಲೆ ಎಣಿಸಿಯೇ ಮನೆಗೆ ಕಳಿಸಬೇಕು ಎಂಬ ಕಟ್ಟಳೆಗಳನ್ನು ಶಿಬಿರದಿಂದಲೇ ತಂದಿದ್ದಾನೆ. ಕಳೆದ ತಿಂಗಳು ಎರಡು ಬಾರಿ ಆನೆಗಳು ಬಂದವು. ಒಂದು ಬಾರಿ ಹಿಂದಕ್ಕೆ ಹೋದವು, ಇನ್ನೊಂದು ಬಾರಿ ಹೋಗಲಿಲ್ಲ.

ಮೊನ್ನೆ ಭಾನುವಾರ ಹೊರಟು ನಿಂತಾಗ ಅಕ್ಕ ಒಂದು ಚೀಲ ಜೋಳದ ತೆನೆ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ತೆನೆಗಳ ತುದಿಯನ್ನು ಗಿಳಿ ಕುಕ್ಕಿದ್ದವು. ಫೋನ್ ಮಾಡಿ ಹೇಳಿದರೆ ನಗುತ್ತ, "ಅದಕ್ಕೂ ಒಂದು ಶಿಬಿರ ಇದ್ದರ ನಿನ್ನ ಅಳಿಯನ ಕಳ್ಸು ಕನಪ್ಪ" ಎಂದಳು.